ಸೈಕಲ್ ಮೇಲೆ ಪುಲಾವ್ ಉಬಿನ್

ಬೆಂಗಳೂರಿನಿಂದ ಸಿಂಗಪುರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರ ಪಟ್ಟಿಯಲ್ಲಿ ಮೃಗಾಲಯ ಇರುತ್ತದೆ, ನೈಟ್ ಸಫಾರಿ ಇರುತ್ತದೆ. ಪುಲಾವ್ ಉಬಿನ್ ಇರುವುದು ಅಪರೂಪ. ಚಾಂಗಿ ಪಾಯಿಂಟ್ ದೋಣಿಕಟ್ಟೆಯಲ್ಲಿ ಹನ್ನೆರಡು ಜನ ತುಂಬಿದೊಡನೆ ಹೊರಡುವ ದೋಣಿ ಹತ್ತು ನಿಮಿಷದಲ್ಲೇ ಈ ದ್ವೀಪಕ್ಕೆ ತಂದಿಳಿಸುತ್ತದೆ. ವಿಸ್ತೀರ್ಣ ಸುಮಾರು 10 ಚದರ ಕಿ.ಮೀ., ಅಷ್ಟೇ. ಒಂದು ಕಾಲಕ್ಕೆ ಇಲ್ಲಿ ಗ್ರಾನೈಟ್ ಕ್ವಾರಿಗಳಿದ್ದವು, ರಬ್ಬರ್ ತೋಟಗಳಿದ್ದವು. ಈಗ ಕ್ವಾರಿಗಳಲ್ಲಿ ನೀರು ನಿಂತಿದೆ, ತೋಟಗಳನ್ನು ಕಾಡು ನುಂಗಿದೆ. ಕಾಡುಹಂದಿ, ಉದ್ದ ಬಾಲದ ಕೋತಿ, ಉಡ, ಮಂಗಟ್ಟೆ ಎಲ್ಲವೂ ಇವೆ. ದೋಣಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಬಾಡಿಗೆ ಸೈಕಲ್ಲಿನ ಅಂಗಡಿಗಳು ಸಾಲಾಗಿ ಸಿಗುತ್ತವೆ. ಮಗುವಿಗೆ ಕಾಡು ತೋರಿಸಬೇಕೆಂದು ಬಂದ ಅಪ್ಪ ಅಮ್ಮ ಈ ಅಂಗಡಿಗಳನ್ನು ದಾಟಿ ವ್ಯಾನ್ ಹತ್ತಬಾರದು ಎಂಬುದು ನನ್ನ ವಾದ.

ವಾಹನದಲ್ಲಿ ಕೂತ ಮಗುವಿಗೆ ಕಾಡನ್ನು ಯಾರೋ ತೋರಿಸುತ್ತಾರೆ. ಗೈಡ್ ಬೆರಳು ಮಾಡುತ್ತಾನೆ, ಎಲ್ಲರೂ ಅತ್ತ ತಿರುಗುತ್ತಾರೆ, ಫೋಟೊ ಆಯಿತು, ಗಾಡಿ ಮುಂದಕ್ಕೆ ಹೋಯಿತು. ಸೈಕಲ್ ತುಳಿಯುವ ಮಗುವಾದರೆ ತಾನೇ ಹುಡುಕಬೇಕು. ಎಂಜಿನ್ ಸದ್ದಿಲ್ಲದ ಕಾರಣ ಕಣ್ಣಿಗಿಂತ ಮೊದಲು ಕಿವಿ ಕೆಲಸಕ್ಕೆ ಬರುತ್ತದೆ. ಮಂಗಟ್ಟೆ ತಲೆಯ ಮೇಲೆ ಹಾರಿದರೆ ಅದರ ರೆಕ್ಕೆಯ ಬೀಸು ಕೆಳಗಿನವರಿಗೆ ಕೇಳುತ್ತದೆ; ಮುಚ್ಚಿದ ಗಾಜಿನೊಳಗೆ ಕೂತವರಿಗೆ ಅದು ಕೇಳುವುದಿಲ್ಲ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ನೋಡಿದವರಿಗೆ ಉಬಿನ್‌ನ ಹಕ್ಕಿ ಹತ್ತಿರದ ನೆಂಟನಂತೆ ಕಾಣುತ್ತದೆ. ಸಿಂಗಪುರದಿಂದ ಈ ಜಾತಿ ಪೂರ್ತಿ ಕಣ್ಮರೆಯಾಗಿತ್ತು. 1994ರಲ್ಲಿ ಒಂದು ಜೋಡಿ ಕಾಣಿಸಿದ್ದು ಇದೇ ದ್ವೀಪದಲ್ಲಿ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು, ಹುಳು, ಹಲ್ಲಿ ತಂದು ಆ ಸೀಳಿನಲ್ಲಿ ಕೊಡುತ್ತಲೇ ಇರುತ್ತದೆ. ಇದನ್ನು ಪಾಠದ ಪುಸ್ತಕ ಒಂದು ವಾಕ್ಯದಲ್ಲಿ ಮುಗಿಸುತ್ತದೆ. ಹಣ್ಣು ಕಚ್ಚಿಕೊಂಡ ಹಕ್ಕಿ ಒಂದೇ ದಿಕ್ಕಿಗೆ ಮತ್ತೆ ಮತ್ತೆ ಹೋಗುವುದನ್ನು ಮಗು ಗಮನಿಸಬೇಕಾದರೆ, ಎಲ್ಲಿ ಬೇಕೋ ಅಲ್ಲಿ ಕಾಲೂರಿ ನಿಲ್ಲುವ ಅನುಕೂಲ ಬೇಕು. ಸೈಕಲ್ಲಿಗೆ ಅದಿದೆ. ಅಪ್ಪನೋ ಅಮ್ಮನೋ ಜೊತೆಗಿರಬೇಕಾದದ್ದು ಪಾಠ ಹೇಳುವುದಕ್ಕಲ್ಲ, ನಿಂತ ಮಗುವಿನ ಪಕ್ಕದಲ್ಲಿ ತಾನೂ ಸುಮ್ಮನೆ ನಿಲ್ಲುವುದಕ್ಕೆ.

ಸೈಕಲ್ಲು ಪ್ರಾಣಿಗಳಿಗೆ ತೊಂದರೆ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತದೆ. ಸದ್ದಿಲ್ಲದೆ ತಿರುವಿನಲ್ಲಿ ನುಗ್ಗುವ ಸೈಕಲ್ಲು, ಗುರ್ರೆನ್ನುತ್ತಾ ದೂರದಿಂದಲೇ ಸುಳಿವು ಕೊಡುವ ವ್ಯಾನಿಗಿಂತ ಹೆಚ್ಚು ಬೆಚ್ಚಿಬೀಳಿಸುವುದೂ ಉಂಟು. ಹ್ಯಾಂಡಲ್ ಮುಂದಿನ ಬುಟ್ಟಿಯಲ್ಲಿ ತಿಂಡಿ ಪೊಟ್ಟಣ ಕಂಡರೆ ಇಲ್ಲಿನ ಹಂದಿಗಳು ಹತ್ತಿರಕ್ಕೇ ಬರುತ್ತವೆ, ಕೋತಿಗಳು ಕವರು ಕಿತ್ತುಕೊಳ್ಳುತ್ತವೆ. ಇದು ಪ್ರಾಣಿಯ ಸ್ವಭಾವವಲ್ಲ, ಉಣಿಸಿದವರು ಕಲಿಸಿದ ಚಾಳಿ. 2020ರ ಕಾನೂನು ಬದಲಾವಣೆಯ ಬಳಿಕ ಸಿಂಗಪುರದಲ್ಲಿ ಕಾಡುಪ್ರಾಣಿಗೆ ತಿನ್ನಿಸುವುದು ಅಪರಾಧ. ಆದರೆ ಪ್ರತಿ ತಿರುವಿನಲ್ಲೂ ಕಾನೂನು ನಿಂತಿರುವುದಿಲ್ಲ, ಜೊತೆಗಿರುವ ದೊಡ್ಡವರು ನಿಂತಿರುತ್ತಾರೆ. ತಿಂಡಿ ಬೆನ್ನಚೀಲದೊಳಗಿರಲಿ, ಇಳಿಜಾರಿನಲ್ಲಿ ಬ್ರೇಕ್ ಮೇಲೆ ಬೆರಳಿರಲಿ ಎಂದು ಹೇಳಿಕೊಡುವವರು ಅವರೇ. ಮಂಡಿ ನೋವಿರುವ ಅಜ್ಜಿಗೆ, ತೀರಾ ಚಿಕ್ಕ ಮಗುವಿಗೆ ವ್ಯಾನೇ ಸರಿ, ಅದರಲ್ಲಿ ಜಗಳವಿಲ್ಲ. ಆರೋಗ್ಯವಾಗಿರುವ ಹತ್ತು ವರ್ಷದ ಮಗುವಿಗೆ ದಣಿವಾಗುತ್ತದೆ ಎನ್ನುವ ಆಕ್ಷೇಪ ಮಾತ್ರ ನನಗೆ ಒಪ್ಪಿಗೆಯಿಲ್ಲ. ದಣಿದಾಗಲೇ ನಿಲ್ಲುವುದು, ನಿಂತಾಗಲೇ ಕಾಣುವುದು.

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು: ಉಬಿನ್‌ನ ಅತ್ಯಂತ ಶ್ರೀಮಂತ ಜಾಗಕ್ಕೆ ಸೈಕಲ್ಲಿಗೂ ಪ್ರವೇಶವಿಲ್ಲ. ಪೂರ್ವದ ತುದಿಯ ಚೆಕ್ ಜಾವಾದಲ್ಲಿ ಸೈಕಲ್ ನಿಲ್ಲಿಸಿ, 2007ರಲ್ಲಿ ತೆರೆದ ಅಟ್ಟಣೆಯ ದಾರಿಯಲ್ಲಿ ನಡೆಯಬೇಕು. ಕಾಂಡ್ಲಾ ಕಾಡು, ಮರಳು ದಂಡೆ, ಬಂಡೆ, ಸಮುದ್ರದ ಹುಲ್ಲುಗಾವಲು, ಹವಳದ ಚೂರುಗಳ ಹರವು ಎಲ್ಲ ಇಲ್ಲಿ ಒಂದನ್ನೊಂದು ತಾಕಿಕೊಂಡಿವೆ. ಇಳಿತದ ಹೊತ್ತು ನೋಡಿಕೊಂಡೇ ಹೋಗಬೇಕು, ಭರತವಿದ್ದರೆ ಕಾಣುವುದು ಬರೀ ನೀರು. ಅಟ್ಟಣೆಯ ಮೇಲೆ ಹೆಜ್ಜೆ ಬಿದ್ದರೆ ಕೆಳಗಿನ ಕೆಸರು ಖಾಲಿ. ಒಂದೆರಡು ನಿಮಿಷ ಅಲ್ಲಾಡದೆ ನಿಂತರೆ ಒಂದು ಬಿಲದಿಂದ ಕಣ್ಣಿನ ಕಡ್ಡಿಗಳು ಮೇಲೇಳುತ್ತವೆ. ಬೆರಳ ಉಗುರಿನಷ್ಟಿರುವ ಗಂಡು ಫಿಡ್ಲರ್ ಏಡಿ ಹೊರಬಂದು, ಮೈಗಿಂತ ದೊಡ್ಡದೆನಿಸುವ ಒಂದೇ ಕೊಂಡಿಯನ್ನು ಎತ್ತಿ ಬೀಸುತ್ತದೆ. ಸಣ್ಣ ಕೊಂಡಿಯಿಂದ ಕೆಸರು ಬಾಚಿ ಬಾಯಿಗಿಡುತ್ತದೆ. ಸೈಕಲ್ ದಾರಿಯಲ್ಲಿ ನಿಂತು ನಿಂತು ಬಂದ ಮಗುವಿಗೆ ಈ ಕಾಯುವಿಕೆ ಹೊಸದಲ್ಲ.

2001ರಲ್ಲಿ ಈ ಕೆಸರುಬಯಲಿಗೆ ಮಣ್ಣು ತುಂಬಿ ನೆಲ ಮಾಡುವ ಯೋಜನೆ ಸಿದ್ಧವಾಗಿತ್ತು. ಸುದ್ದಿ ಹರಡಿ, ಇಳಿತದ ದಿನಗಳಲ್ಲಿ ಜನ ಗುಂಪು ಗುಂಪಾಗಿ ಬಂದು ನೋಡಿದರು. ಸ್ವಯಂಸೇವಕರು ಇಲ್ಲಿನ ಜೀವಿಗಳನ್ನು ಎಣಿಸಿ ದಾಖಲಿಸಿದರು, ಸರ್ಕಾರಕ್ಕೆ ಅಹವಾಲು ಬರೆದರು. ಆ ಡಿಸೆಂಬರಿನಲ್ಲಿ ಕೆಲಸ ನಿಂತಿತು. ಸರ್ಕಾರ ಯೋಜನೆಯನ್ನು ಮುಂದೂಡಿತೇ ಹೊರತು ಎಂದೆಂದಿಗೂ ಕೈಬಿಟ್ಟೆನೆಂದು ಹೇಳಲಿಲ್ಲ. ಆ ಪ್ರಶ್ನೆ ಮತ್ತೆ ಎದ್ದ ದಿನ ಉತ್ತರ ಹೇಳಬೇಕಾದವರು, ಇಂದು ಬಾಡಿಗೆ ಅಂಗಡಿಯಲ್ಲಿ ಸೀಟು ತಗ್ಗಿಸಿಕೊಡಿ ಎಂದು ಕೇಳುತ್ತಿರುವ ಮಕ್ಕಳು.