ಒಂದು ಬ್ಯಾಂಕು, ಒಂದು ಬೆಳಗ್ಗೆ, ಕಮ್ಮಿ ಕಾಸು: ಬ್ರಿಟನ್ನಿನ ಬಿ-ಸಿನಿಮಾಗಳ ಲೆಕ್ಕ

ಇಯರ್‌ಫೋನ್ ಹಾಕ್ಕೊಂಡಿದ್ದೀರಿ ತಾನೇ? ಇವತ್ತು ಒಂದು ಹಳೇ ಕ್ರೈಂ ಸಿನಿಮಾದ ಕಥೆ, ಜೊತೆಗೆ ಅಂಥ ಸಿನಿಮಾಗಳ ಹಿಂದಿದ್ದ ದುಡ್ಡಿನ ಕಥೆ. ಬಿ.ಕಾಂ. ಓದಿದವನು ನಾನು, ಎರಡನೆಯದನ್ನ ಬಿಡೋಕಾಗಲ್ಲ.

1950ರ ದಶಕದ ಬ್ರಿಟನ್. ಒಂದು ಟಿಕೆಟ್ ತಗೊಂಡರೆ ಎಷ್ಟೋ ಕಡೆ ಎರಡು ಸಿನಿಮಾ. ದೊಡ್ಡ ಚಿತ್ರದ ಜೊತೆ ಸುಮಾರು ಒಂದು ಗಂಟೆಯ ಚಿಕ್ಕ ಚಿತ್ರ. ಅದೇ ಬಿ-ಸಿನಿಮಾ. ಅದರಲ್ಲಿ ಕೊಲೆ, ದರೋಡೆ, ಬ್ಲ್ಯಾಕ್‌ಮೇಲ್ ಕಥೆಗಳೇ ಜಾಸ್ತಿ. ಯಾಕೆ? ರಾಜರ ಕಥೆಗೆ ಅರಮನೆ ಬೇಕು. ಕೊಲೆಗೆ ಒಂದು ರೂಮು, ಒಂದು ಫೋನು, ಓವರ್‌ಕೋಟ್ ಹಾಕಿದ ಒಬ್ಬ ಇನ್‌ಸ್ಪೆಕ್ಟರ್ ಸಾಕು.

ಈಗ ದುಡ್ಡು. ಹಾಲಿವುಡ್ ಹಾವಳಿ ತಡೆಯೋಕೆ 1927ರಲ್ಲಿ ಅಲ್ಲಿ ಒಂದು ಕಾನೂನು ಬಂತು: ಥಿಯೇಟರಿನವರು, ವಿತರಕರು ಇಂತಿಷ್ಟು ಪಾಲು ಬ್ರಿಟಿಷ್ ಚಿತ್ರ ಇಟ್ಟುಕೊಳ್ಳಲೇಬೇಕು. ಲೆಕ್ಕ ತುಂಬಿಸೋಕೆ ಅಂತಲೇ ಗಡಿಬಿಡಿಯಲ್ಲಿ ಅಗ್ಗದ ಚಿತ್ರಗಳು ಬಂದವು. ಜನ ಅವನ್ನ 'ಕೋಟಾ ಕ್ವಿಕೀ' ಅಂತ ಆಡಿಕೊಂಡರು. 1950ರಲ್ಲಿ 'ಈಡಿ ಲೆವಿ' ಶುರುವಾಯ್ತು. ಟಿಕೆಟ್ ಹಣದ ಒಂದು ಪಾಲು ನಿಧಿಗೆ, ಅಲ್ಲಿಂದ ಬ್ರಿಟಿಷ್ ಚಿತ್ರಗಳಿಗೆ ಅವುಗಳ ಗಳಿಕೆಗೆ ತಕ್ಕಂತೆ ಹಂಚಿಕೆ. ಸಣ್ಣ ನಿರ್ಮಾಪಕರಿಗೆ ಉಸಿರು ಬಂತು.

ಉಳಿತಾಯದ ಉಪಾಯ ನೋಡಿ. ಎಡ್ಗರ್ ವಾಲೆಸ್ ಎಂಬ ಪತ್ತೇದಾರಿ ಲೇಖಕ 1932ರಲ್ಲೇ ತೀರಿಕೊಂಡಿದ್ದ. 1960ರ ದಶಕದ ಮೊದಲರ್ಧದಲ್ಲಿ ಲಂಡನ್ನಿನ ಮರ್ಟನ್ ಪಾರ್ಕ್ ಸ್ಟುಡಿಯೋದವರು ಅವನ ಕಥೆಗಳಿಂದ ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದರು, ಎಲ್ಲವನ್ನೂ ತಮ್ಮ ಕಾಲಕ್ಕೇ ತಂದು. ಹಳೇ ಕಾಲದ ಬಟ್ಟೆ, ಕಾರುಗಳ ಖರ್ಚೇ ಇಲ್ಲ!

ಅಗ್ಗ ಅಂದ್ರೆ ಕಳಪೆನಾ? ಹಾಗಾದ್ರೆ 1961ರ 'ಕ್ಯಾಶ್ ಆನ್ ಡಿಮ್ಯಾಂಡ್' ನೋಡಿ. ಡ್ರಾಕುಲಾ ಚಿತ್ರಗಳ ಹ್ಯಾಮರ್ ಕಂಪನಿಯದ್ದು. ಹೆಚ್ಚುಕಮ್ಮಿ ಇಡೀ ಕಥೆ ಒಂದೇ ಬ್ಯಾಂಕಿನೊಳಗೆ, ಕ್ರಿಸ್‌ಮಸ್ ಸಮಯದ ಒಂದು ಬೆಳಗ್ಗೆ. ಮ್ಯಾನೇಜರ್ ಫೋರ್ಡೈಸ್ (ಪೀಟರ್ ಕುಶಿಂಗ್) ಒಂದು ಸಣ್ಣ ಲೆಕ್ಕದ ತಪ್ಪಿಗೆ ಹಿರಿಯ ಗುಮಾಸ್ತ ಪಿಯರ್ಸನ್‌ನ ಕೆಲಸವನ್ನೇ ಕಿತ್ಕೊಳ್ಳೋಕೆ ಹೊರಡ್ತಾನೆ. ಅಷ್ಟರಲ್ಲಿ ವಿಮಾ ಕಂಪನಿಯ ಅಧಿಕಾರಿ ಅಂತ ಒಬ್ಬ ನಗುನಗುತ್ತಾ ಬಂದು ಕೂರ್ತಾನೆ. ಅವನು ದರೋಡೆಕೋರ. 'ನಿನ್ನ ಹೆಂಡತಿ, ಮಗ ನಮ್ಮ ಕೈಯಲ್ಲಿದ್ದಾರೆ' ಅಂತ ಹೆದರಿಸಿ, ಮ್ಯಾನೇಜರ್ ಕೈಯಿಂದಲೇ ಖಜಾನೆ ತೆಗೆಸ್ತಾನೆ. ಕೊನೆಗೆ ಫೋರ್ಡೈಸ್ ಯಾರ ಮುಂದೆ ಕೈಮುಗಿಯಬೇಕಾಗುತ್ತೆ ಹೇಳಿ? ಅದೇ ಪಿಯರ್ಸನ್ ಮುಂದೆ. ಪಿಯರ್ಸನ್ ಅವನ ಪರ ನಿಲ್ತಾನೆ.

ಡಿಗ್ರಿ ಮುಗಿಸಿ ನಾನೂ ಸ್ವಲ್ಪ ದಿನ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದೆ. ಒಂದು ಸಂಜೆ 500 ರೂಪಾಯಿ ಕಮ್ಮಿ ಬಂತು. ಕೈಯಿಂದ ಕಟ್ಟಿದೆ, ಅದು ಬಿಡಿ. ಆದ್ರೆ ಎಲ್ಲರ ಎದುರು ಮೇಲಿನವರು 'ಜೇಬು ತೋರಿಸು' ಅಂದರಲ್ಲ, ಅದು ಇನ್ನೂ ಹೋಗಿಲ್ಲ. ಪಿಯರ್ಸನ್ ಜಾಗದಲ್ಲಿ ನಾನಿದ್ದಿದ್ರೆ ಸಹಾಯ ಮಾಡ್ತಿದ್ದೆನಾ? ಸಿನಿಮಾ ಮುಗಿದ ಮೇಲೂ ಸುಮಾರು ಹೊತ್ತು ಅದನ್ನೇ ಯೋಚಿಸ್ತಾ ಕೂತಿದ್ದೆ.

ಟಿವಿ ಮನೆಮನೆಗೂ ಬಂದಮೇಲೆ ಜೋಡಿ ಸಿನಿಮಾದ ಪದ್ಧತಿ ಕರಗಿತು, ಈ ಪುಟ್ಟ ಚಿತ್ರಗಳೂ ನಿಂತವು. ಆದ್ರೆ ದುಡ್ಡಿಲ್ಲದ ಕಡೆ ಕಥೆ ಮನುಷ್ಯನ ಮುಖದ ಮೇಲೇ ನಡೀಬೇಕಾಗುತ್ತೆ. ಅಲ್ಲಿ ಮೋಸ ಮಾಡೋಕಾಗಲ್ಲ.

ನೋಡಿ, ಪಿಯರ್ಸನ್ ಮಾಡಿದ್ದು ಸರಿನಾ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.