ಮುಂಗಾರಿಗೆ ಮುಂಚೆಯೇ ತರಕಾರಿಯ ಸಸಿಮಡಿ

ಶೀತ ದೇಶಗಳಲ್ಲಿ ಹಿಮವಿಲ್ಲದ ದಿನಗಳು ಕೆಲವೇ ತಿಂಗಳು. ಆದುದರಿಂದ ಅಲ್ಲಿಯ ತೋಟಗಾರರು ಹೊರಗೆ ಹಿಮವಿರುವಾಗಲೇ ಮನೆಯೊಳಗೆ ಬೀಜ ಬಿತ್ತಿ ಸಸಿಗಳನ್ನು ಸಿದ್ಧಮಾಡಿಕೊಳ್ಳುವರು. ಕಲಬುರಗಿ ಸೀಮೆಗೆ ಹಿಮದ ಭಯವಿಲ್ಲವಾದರೂ ಕಾಲದ ಅಭಾವವು ಇಲ್ಲಿಯೂ ಉಂಟು. ನಂದೂರ ಮೊದಲಾದ ಗ್ರಾಮಗಳಲ್ಲಿ ನೀರಾವರಿಯಿಲ್ಲದ ಎರೆಹೊಲಗಳಿಗೆ ಜೂನ್ ತಿಂಗಳಿನಿಂದ ಅಕ್ಟೋಬರ್ ಆದಿಭಾಗದವರೆಗಿನ ಮಳೆಯೇ ಆಧಾರವು.

ಮೆಣಸಿನಕಾಯಿಯ ಸಸಿಯು ನಾಟಿಗೆ ಬರಲು 40ರಿಂದ 45 ದಿವಸ, ಬದನೆಗೆ 30ರಿಂದ 35, ಟೊಮ್ಯಾಟೊಗೆ 25ರಿಂದ 30 ದಿವಸ ಬೇಕು. ಮೃಗಶಿರ ಮಳೆ ಬಿದ್ದ ಮೇಲೆ ಮೆಣಸಿನ ಮಡಿ ಮಾಡಿದವನು ಆಗಸ್ಟ್ ತಿಂಗಳಿಗೆ ಮುಂಚೆ ನಾಟಿ ಮಾಡಲಾರನು. ಗಿಡವು ಹೂ ಹಿಡಿದು ಕಾಯಿ ಕಟ್ಟುವ ಸಮಯಕ್ಕೆ ಮಳೆ ತೀರಿ ಎರೆಯು ಬಿರಿಯತೊಡಗುವುದು. ಬೀಜವನ್ನೂ ಗೊಬ್ಬರವನ್ನೂ ದೂಷಿಸಿ ಫಲವಿಲ್ಲ. ತಪ್ಪಿದ್ದು ತಿಥಿ ಮಾತ್ರ.

ಮೇ ತಿಂಗಳ ಉತ್ತರಾರ್ಧದಲ್ಲಿ ಮಡಿ ಹಾಕಲು ನೀರೆಲ್ಲಿಯದು ಎಂಬ ಪ್ರಶ್ನೆ ಸಹಜವೇ. ಆದರೆ ಒಂದು ಗುಂಟೆ ಮಡಿಯ ಸಸಿಗಳು ಸುಮಾರು ಎರಡೂವರೆ ಎಕರೆಗೆ ಸಾಲುತ್ತವೆ. ಅಂದರೆ ನೂರು ಪಾಲಿನಲ್ಲಿ ಒಂದು ಪಾಲಿಗೆ ಮಾತ್ರ ನೀರುಣಿಸಿದರಾಯಿತು. ಬೇಸಗೆಯಲ್ಲಿ ಬತ್ತದ ಬಾವಿ ಊರಿನಲ್ಲಿ ಒಂದೇ ಇದ್ದರೂ, ಅದರ ಬದಿಯಲ್ಲಿ ಹತ್ತು ಮನೆಗಳ ಮಡಿಗಳನ್ನು ಒಟ್ಟಿಗೆ ಮಾಡಿಸಬಹುದು. ಇಂಥ ಏರ್ಪಾಡು ಒಬ್ಬ ರೈತನಿಂದ ಆಗುವಂಥದಲ್ಲ. ಗ್ರಾಮದ ಮುಖಂಡರೂ ಬಾವಿಯ ಒಡೆಯರೂ ಮನಸ್ಸು ಮಾಡತಕ್ಕದ್ದು.

ಮಡಿಯ ಅಗಲ ನಾಲ್ಕು ಅಡಿ ಮೀರಕೂಡದು. ಎರಡೂ ಬದಿಯಿಂದ ಕೈ ನಡುವಿನವರೆಗೆ ತಲುಪಬೇಕು. ಉದ್ದ 25 ಅಡಿ, ಎತ್ತರ ನಾಲ್ಕು ಅಂಗುಲವಿದ್ದರೆ ಸರಿ. ಬರೀ ಎರೆಮಣ್ಣು ನೀರು ಕಟ್ಟಿಕೊಂಡು ಒಣಗಿದಾಗ ಬಿರಿಯುವುದರಿಂದ ಉಸುಕನ್ನೂ ಜರಡಿ ಹಿಡಿದ ಹಳೆಯ ತಿಪ್ಪೆಗೊಬ್ಬರವನ್ನೂ ಬೆರೆಸಬೇಕು. ಹಿಂದೆ ಬದನೆ, ಮೆಣಸು, ಟೊಮ್ಯಾಟೊ ಬೆಳೆದ ಜಾಗ ಬೇಡ. ಮೂರು ಅಂಗುಲಕ್ಕೊಂದು ಗೆರೆ ಎಳೆದು ಅರ್ಧ ಅಂಗುಲ ಆಳದಲ್ಲಿ ತೆಳುವಾಗಿ ಬಿತ್ತಿ, ಹುಲ್ಲು ಹೊದಿಸಿ, ಝಾರಿಯಿಂದ ನೀರು ಚಿಮುಕಿಸಬೇಕು. ಮೊಳಕೆ ಕಂಡೊಡನೆ ಹುಲ್ಲು ತೆಗೆಯದಿದ್ದರೆ ಸಸಿಗಳು ಬಿಳಿಚಿಕೊಂಡು ನೀಳವಾಗುವವು.

ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಂಟಿಗ್ರೇಡ್ ಮೀರುವುದುಂಟು. ಅಂಥ ಕಾವಿನಲ್ಲಿ ಮೆಣಸಿನ ಬೀಜ ಸರಿಯಾಗಿ ಮೊಳೆಯದು. ಮಡಿಯ ಮೇಲೆ ಮೂರಡಿ ಎತ್ತರಕ್ಕೆ ಜೋಳದ ಕಣಿಕೆಯ ಚಪ್ಪರ ಹಾಕಿದರೆ ಸಾಕು. ನೆರಳು ಪರದೆ ಕೊಳ್ಳಲೇಬೇಕೆಂದಿಲ್ಲ. ಸುತ್ತಲೂ ಸಣ್ಣ ಕಣ್ಣಿನ ನೈಲಾನ್ ಬಲೆಗೆ ಮಾತ್ರ ಹಣ ಹಾಕುವುದು ಲೇಸು. ಎಲೆ ಮುಟುರು ರೋಗವನ್ನು ಹರಡುವ ಬಿಳಿನೊಣವು ಸಸಿಗಳು ಎಳೆಯವಿರುವಾಗಲೇ ಬಂದು ಸೇರುವುದು. ದುಬಾರಿಯ ಸಂಕರಣ ಬೀಜವಾದರೆ, ತೆಂಗಿನ ನಾರಿನ ಪುಡಿ ತುಂಬಿದ ಕುಳಿತಟ್ಟೆಗಳಲ್ಲಿ ಕುಳಿಗೊಂದರಂತೆ ಬಿತ್ತುವುದರಿಂದ ಬೀಜ ಪೋಲಾಗದು.

ಸಸಿಗಳು ಬುಡದಲ್ಲಿ ಕೊಳೆತು ಸಾಲುಸಾಲಾಗಿ ಮಲಗುವುದು ದಟ್ಟ ಬಿತ್ತನೆಯಿಂದಲೂ ಅತಿ ನೀರಿನಿಂದಲೂ ಹೆಚ್ಚುವ ಬೂಷ್ಟು ರೋಗವು. ಕಂಡಕೂಡಲೆ ನೀರು ತಗ್ಗಿಸಿ, ಒಂದು ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಹುಯ್ಯಬೇಕು.

ಮಳೆ ತಡೆದರೆ ಸಸಿ ಬಲಿತು ಕೆಡುವುದೆಂಬ ಆಕ್ಷೇಪಣೆಯು ನಿಜವಾದುದೇ. ಅದಕ್ಕಾಗಿ ಬೀಜವನ್ನೆಲ್ಲ ಒಮ್ಮೆಗೇ ಬಿತ್ತದೆ, ಅರ್ಧವನ್ನು ಕೃತ್ತಿಕೆಯ ಕೊನೆಗೂ ಉಳಿದರ್ಧವನ್ನು ಹದಿನೈದು ದಿವಸ ಬಿಟ್ಟು ಮೃಗಶಿರದ ಮೊದಲಿಗೂ ಬಿತ್ತತಕ್ಕದ್ದು. ಆರಿದ್ರಾ, ಪುನರ್ವಸು ಮಳೆಗಳು ಸಕಾಲಕ್ಕೆ ಬಂದರೆ ಮೊದಲ ಮಡಿ, ತಡವಾದರೆ ಎರಡನೆಯದು ಕೈಗೆ ಬರುವುದು.

ನಾಟಿಗೆ ಒಂದು ವಾರ ಮುಂಚಿನಿಂದ ಚಪ್ಪರವನ್ನು ಸರಿಸುತ್ತ, ನೀರನ್ನು ಕಡಿಮೆ ಮಾಡುತ್ತ ಸಸಿಗಳನ್ನು ಬಿಸಿಲಿಗೆ ಒಗ್ಗಿಸಬೇಕು. ಕೀಳುವ ದಿನ ಮಾತ್ರ ಮಡಿಯನ್ನು ಚೆನ್ನಾಗಿ ನೆನೆಸಿ, ಬೇರು ಹರಿಯದಂತೆ ಎತ್ತಿ, ಹೊತ್ತು ಇಳಿದ ಮೇಲೆ ನಾಟಿ ಮಾಡಬೇಕು. ಆ ರಾತ್ರಿ ಮಳೆ ಬಾರದಿದ್ದರೆ ಮರುದಿನ ನಸುಕಿನಲ್ಲಿ ಬುಡಕ್ಕೊಂದು ತಂಬಿಗೆ ನೀರು ಹಾಕಬೇಕು.