ಮೂರು ಗಿಡಗಳ ತೋಟದಲ್ಲಿ ಒಂದು ನಾಡತಳಿ

ಗಾಂಜಾ ಎಂದೊಡನೆ ಕಣ್ಣ ಮುಂದೆ ಬರುವುದು ಪತ್ರಿಕೆಯ ಅಪರಾಧ ಪುಟ: ಕಿತ್ತು ರಾಶಿ ಹಾಕಿದ ಗಿಡಗಳು, ಪಕ್ಕದಲ್ಲಿ ಸಾಲಾಗಿ ನಿಂತ ಪೊಲೀಸರು. ಆದರೆ ಈ ಗಿಡಕ್ಕೆ ಕೃಷಿಯ ಮುಖವೂ ಒಂದಿದೆ. ಮನುಷ್ಯ ಕೈಹಿಡಿದ ಅತಿ ಹಳೆಯ ಬೆಳೆಗಳಲ್ಲಿ ಇದೂ ಸೇರಿದೆ. 110 ಮಾದರಿಗಳ ವಂಶವಾಹಿಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು 12,000 ವರ್ಷಗಳ ಹಿಂದೆ ಪೂರ್ವ ಏಷ್ಯಾದಲ್ಲಿ ಇದರ ಸಾಗುವಳಿ ಆರಂಭವಾಗಿರಬೇಕೆಂದು ಹೇಳಿದೆ. ನಾರಿಗಾಗಿ, ಬೀಜಕ್ಕಾಗಿ, ಔಷಧಿಗಾಗಿ, ಅಮಲಿಗಾಗಿ ಜನ ಇದನ್ನು ದೇಶದಿಂದ ದೇಶಕ್ಕೆ ಒಯ್ದರು. ಹೋದಲ್ಲೆಲ್ಲ ಅದು ಆ ಮಣ್ಣಿನ ಗಿಡವೇ ಆಯಿತು. ಹೀಗೆ ರೂಪುಗೊಂಡ ನಾಡತಳಿಗಳು ಈಗ ಒಂದೊಂದಾಗಿ ಕೈಬಿಟ್ಟು ಹೋಗುತ್ತಿವೆ. ಅವನ್ನು ಉಳಿಸಲು ಮುಂದಾದವರಲ್ಲಿ ಮನೆಯ ಹಿತ್ತಲಲ್ಲಿ ಮೂರು ನಾಲ್ಕು ಗಿಡ ಬೆಳೆಯುವವರೂ ಇದ್ದಾರೆಂಬುದು ಕುತೂಹಲದ ಸಂಗತಿ.

ಇದು ನಮ್ಮ ಹಿತ್ತಲಿನ ಮಾತಲ್ಲ. ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಪರವಾನಗಿಯಿಲ್ಲದೆ ಒಂದು ಗಿಡ ಬೆಳೆದರೂ ಅಪರಾಧ. ಹತ್ತು ವರ್ಷದವರೆಗೆ ಕಠಿಣ ಸಜೆ ವಿಧಿಸಲು ಅವಕಾಶವಿದೆ. ಮನೆಯಲ್ಲಿ ಬೆಳೆಯಲು ಅನುಮತಿ ಇರುವುದು ಕೆಲವೇ ದೇಶಗಳಲ್ಲಿ. ಉರುಗ್ವೆ 2013ರ ಕಾನೂನಿನಲ್ಲಿ ಮನೆಗೆ ಆರು ಗಿಡಗಳಿಗೆ ಅವಕಾಶ ಕೊಟ್ಟಿತು. ಕೆನಡಾ 2018ರಲ್ಲಿ ಮನೆಗೆ ನಾಲ್ಕು ಎಂದಿತು. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ತಲಾ ಮೂರು ಗಿಡ ಎಂದಿತು. ಸ್ವಂತ ಬಳಕೆಗೆ ಈ ಸಂಖ್ಯೆ ಸಾಕು. ನಾಡತಳಿಯನ್ನು ಕಾಪಾಡಲು ಸಾಲದು. ಏಕೆ ಸಾಲದು ಎಂಬುದರಲ್ಲೇ ಈ ಗಿಡದ ಇಡೀ ಕಥೆ ಅಡಗಿದೆ.

ನಾಡತಳಿ ಎಂದರೆ ಅಂಗಡಿಯ ಪೊಟ್ಟಣದಲ್ಲಿ ಬರುವ ಒಂದೇ ಅಚ್ಚಿನ ತಳಿಯಲ್ಲ. ಒಂದು ಕಣಿವೆಯ ರೈತರು ತಲೆಮಾರುಗಳ ಕಾಲ ತಮ್ಮ ಹೊಲದ ಬೀಜವನ್ನೇ ಎತ್ತಿಟ್ಟು ಬಿತ್ತುತ್ತ ಬಂದ, ಒಳಗೊಳಗೇ ಭಿನ್ನತೆಯಿರುವ ಗಿಡಗಳ ಸಮೂಹ ಅದು. ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ. ಒಂದು ಬೇಗ ಹೂಬಿಟ್ಟರೆ ಇನ್ನೊಂದು ತಡ. ಮಳೆ ಕೈಕೊಟ್ಟ ವರ್ಷ ಒಂದು ಬಗೆ ಉಳಿಯುತ್ತದೆ, ರೋಗ ಬಂದ ವರ್ಷ ಮತ್ತೊಂದು. ಈ ವೈವಿಧ್ಯವೇ ಅದರ ಬಂಡವಾಳ.

ನಮ್ಮಲ್ಲಿ ಭತ್ತದ ನಾಡತಳಿಗಳನ್ನು ಉಳಿಸಿದವರ ಉದಾಹರಣೆ ಇಲ್ಲಿ ನೆನಪಾಗುವುದು ಸಹಜ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಬೆಳೆದು ಕಾಪಾಡಿಕೊಂಡು ಬಂದಿದ್ದಾರೆ. ಅದು ಸಾಧ್ಯವಾಗಿರುವುದು ಅವರ ಶ್ರಮದಿಂದ; ಜೊತೆಗೆ ಭತ್ತದ ಗುಣವೂ ನೆರವಾಗಿದೆ. ಭತ್ತದ ಹೂ ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಪಕ್ಕದ ಮಡಿಯಲ್ಲಿ ಬೇರೆ ತಳಿ ಇದ್ದರೂ ಹೆಚ್ಚಿನ ಬಾಧೆಯಿಲ್ಲ. ಬಿತ್ತಿದಂತೆ ಬೆಳೆ ಎಂಬ ಗಾದೆ ಭತ್ತಕ್ಕೆ ಅಕ್ಷರಶಃ ಒಪ್ಪುತ್ತದೆ.

ಗಾಂಜಾಕ್ಕೆ ಒಪ್ಪುವುದಿಲ್ಲ. ಪಪ್ಪಾಯಿಯಲ್ಲಿ ಕಾಣುವಂತೆ ಇಲ್ಲಿಯೂ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಸಾಗುವುದು ಗಾಳಿಯಲ್ಲಿ. ಎಷ್ಟು ದೂರ? ಮೊರಾಕ್ಕೊದ ಹೊಲಗಳಿಂದ ಹೊರಟ ಗಾಂಜಾ ಪರಾಗ ಸಮುದ್ರ ದಾಟಿ ಸ್ಪೇನಿನ ಮಾಲಗ ನಗರದ ಗಾಳಿಗೆ ಸೇರುತ್ತಿದ್ದುದನ್ನು ಅಲ್ಲಿನ ವಿಜ್ಞಾನಿಗಳು 1997ರಲ್ಲಿ ವರದಿ ಮಾಡಿದ್ದರು. ಹೀಗಿರುವಾಗ ನೆರೆಯವನ ಅಂಗಳದ ಸಂಕರ ತಳಿಯ ಒಂದು ಗಂಡು ಗಿಡ ಸಾಕು, ಜತನದಿಂದ ಕಾಪಾಡಿದ ನಾಡತಳಿಯ ಬೀಜ ಬೆರಕೆಯಾಗಲು. ಗಾಳಿಗೆ ಬೇಲಿ ಹಾಕಲಾದೀತೇ?

ಬೆರಕೆಯಾಗದಂತೆ ಮನೆಯೊಳಗೆ ಬಾಗಿಲು ಮುಚ್ಚಿ ಬೆಳೆದರೆ ಇನ್ನೊಂದು ತೊಡಕು ಎದುರಾಗುತ್ತದೆ. ಮೂರೇ ಗಿಡಗಳಲ್ಲಿ ಒಂದು ಗಂಡು, ಎರಡು ಹೆಣ್ಣು ಎಂದುಕೊಳ್ಳೋಣ. ತಳಿಶಾಸ್ತ್ರದ ಲೆಕ್ಕದಲ್ಲಿ ಇಂಥ ಕುಟುಂಬ ಪ್ರತಿ ಪೀಳಿಗೆಗೂ ತನ್ನ ವೈವಿಧ್ಯದ ಸುಮಾರು ಶೇ 19ನ್ನು ಕಳೆದುಕೊಳ್ಳುತ್ತದೆ. ಐದು ಪೀಳಿಗೆ ಕಳೆಯುವಷ್ಟರಲ್ಲಿ ಉಳಿಯುವುದು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಅದೇ 25 ಗಂಡು, 25 ಹೆಣ್ಣು ಗಿಡಗಳಿದ್ದರೆ ಪೀಳಿಗೆಗೆ ಆಗುವ ನಷ್ಟ ಶೇ 1 ಮಾತ್ರ. ಹೆಸರು ಅದೇ, ಡಬ್ಬಿಯ ಮೇಲಿನ ಚೀಟಿಯೂ ಅದೇ; ಒಳಗಿರುವುದು ಮಾತ್ರ ಆ ಕಣಿವೆಯ ತಳಿಯಲ್ಲ, ಅದರ ಒಂದು ಚೂರು.

ಹಿಂದೆ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಬಂಗಾಳದ ನೌಗಾಂವ್ ಸೀಮೆ, ಅಂದರೆ ಇಂದಿನ ಬಾಂಗ್ಲಾದೇಶದ ಭಾಗ, ಬ್ರಿಟಿಷರ ಕಾಲದಲ್ಲಿ ಸರ್ಕಾರದ ಪರವಾನಗಿಯಡಿ ಗಾಂಜಾ ಬೆಳೆಯುತ್ತಿದ್ದ ಪ್ರದೇಶ. 1893ರಲ್ಲಿ ನೇಮಕವಾಗಿ ಮರುವರ್ಷ ಸಂಪುಟಗಟ್ಟಲೆ ವರದಿ ಒಪ್ಪಿಸಿದ ಭಾರತೀಯ ಗಾಂಜಾ ಆಯೋಗ ಅಲ್ಲಿನ ಒಂದು ವಿಶಿಷ್ಟ ವೃತ್ತಿಯನ್ನು ದಾಖಲಿಸಿದೆ. ಹೊಲ ಹೊಲ ತಿರುಗಿ, ಹೂ ಬಿರಿಯುವ ಮೊದಲೇ ಗಂಡು ಗಿಡಗಳನ್ನು ಗುರುತಿಸಿ ತೆಗೆಸುವ ಪರಿಣತನಿಗೆ ಜನ ‘ಗಾಂಜಾ ಡಾಕ್ಟರ್’ ಎನ್ನುತ್ತಿದ್ದರು. ಅವನ ಕಣ್ಣಿಗೆ ಎಲ್ಲವೂ ಬೀಳುತ್ತಿರಲಿಲ್ಲ, ಹೆಣ್ಣು ಗಿಡಗಳಲ್ಲೇ ಅಲ್ಲೊಂದು ಇಲ್ಲೊಂದು ಗಂಡು ಹೂ ಮೂಡುವುದೂ ಈ ಜಾತಿಯ ಗುಣ. ಬೀಜ ಕಟ್ಟಲು ಅಷ್ಟು ಸಾಕಿತ್ತು. 1917ರಲ್ಲಿ ಅಲ್ಲಿನ ಬೆಳೆಗಾರರು ಸಹಕಾರ ಸಂಘವನ್ನೂ ಕಟ್ಟಿಕೊಂಡರು. 1980ರ ದಶಕದ ಕೊನೆಗೆ ಸರ್ಕಾರ ಸಾಗುವಳಿಯನ್ನು ನಿಲ್ಲಿಸಿತು. ಪ್ರತಿ ವರ್ಷ ಬಿತ್ತಿ ಉಳಿಯುತ್ತಿದ್ದ ಬೆಳೆ, ಬಿತ್ತುವುದು ನಿಂತರೆ ಎಲ್ಲಿ ಉಳಿದೀತು?

ಕಾನೂನು ಒಂದು ಕಡೆಯಿಂದ ಕಡಿಯಿತು. ಇನ್ನೊಂದು ಕಡೆಯಿಂದ ಅಭಿಮಾನಿಗಳೇ ಕೆಡಿಸಿದರು. 1960-70ರ ದಶಕಗಳಲ್ಲಿ ಅಫ್ಘಾನಿಸ್ತಾನ, ಭಾರತ, ಥಾಯ್ಲೆಂಡ್, ಮೆಕ್ಸಿಕೊ ಸುತ್ತಿದ ಪಾಶ್ಚಾತ್ಯ ಯುವಕರು ಜೇಬಿನಲ್ಲಿ ಬೀಜ ತುಂಬಿಕೊಂಡು ಹೋದರು. ಕ್ಯಾಲಿಫೋರ್ನಿಯಾದಲ್ಲೂ ಆಮ್‌ಸ್ಟರ್‌ಡ್ಯಾಮ್‌ನಲ್ಲೂ ಅವು ಒಂದಕ್ಕೊಂದು ಬೆರೆತು, ಬೇಗ ಹೂಬಿಡುವ, ಕಟುವಾದ ಅಮಲಿನ ಸಂಕರ ತಳಿಗಳಾದವು. ಮುಂದೆ ಆ ಬೀಜಗಳೇ ತವರಿಗೆ ಮರಳಿದವು. ಮೊರಾಕ್ಕೊದ ರಿಫ್ ಬೆಟ್ಟಗಳಲ್ಲಿ ಮಳೆನೀರಿಗೇ ಬೆಳೆಯುತ್ತಿದ್ದ ‘ಬೆಲ್ದಿಯಾ’ ಎಂಬ ನಾಡತಳಿಯ ಜಾಗವನ್ನು ನೀರು ಹೆಚ್ಚು ಬೇಡುವ ‘ಖರ್ದಾಲಾ’ ಎಂಬ ಸಂಕರ ತಳಿ ಆಕ್ರಮಿಸಿತು. 2020ರಲ್ಲಿ ಸಸ್ಯವಿಜ್ಞಾನಿಗಳಾದ ಜಾನ್ ಮ್ಯಾಕ್‌ಪಾರ್ಟ್‌ಲೆಂಡ್ ಮತ್ತು ಅರ್ನೆಸ್ಟ್ ಸ್ಮಾಲ್ ದಕ್ಷಿಣ ಏಷ್ಯಾ ಹಾಗೂ ಮಧ್ಯ ಏಷ್ಯಾದ ಈ ತಳಿಗಳನ್ನು ಹೊಸದಾಗಿ ವರ್ಗೀಕರಿಸಿದಾಗ ಪ್ರಬಂಧದ ಶೀರ್ಷಿಕೆಯಲ್ಲೇ ಅವನ್ನು ಅಳಿವಿನಂಚಿನವು ಎಂದು ಕರೆದರು.

ಹೆಸರುಗಳೂ ಕಲಬೆರಕೆಯಾಗಿವೆ ಎಂಬುದು ಗಮನಾರ್ಹ. 1785ರಲ್ಲಿ ಲಮಾರ್ಕ್ ‘ಇಂಡಿಕಾ’ ಎಂದು ಹೆಸರಿಟ್ಟದ್ದು ಭಾರತದಿಂದ ಬಂದ ಕಿರಿದಾದ ಎಲೆಯ ಗಿಡಕ್ಕೆ. ಇಂದಿನ ವ್ಯಾಪಾರಿಗಳು ಅಗಲ ಎಲೆಯ ಗಿಡ್ಡ ಅಫ್ಘನ್ ಗಿಡವನ್ನು ಇಂಡಿಕಾ ಎನ್ನುತ್ತಾರೆ. ಭಾರತದ ಗಿಡಕ್ಕೆ ಭಾರತದ ಹೆಸರೇ ತಪ್ಪಿಹೋಯಿತು.

ಬೀಜದ ಬ್ಯಾಂಕುಗಳು ಇಲ್ಲವೇ ಎಂದರೆ, ಇವೆ. ನಿಕೊಲಾಯ್ ವಾವಿಲೊವ್ 1924ರಲ್ಲಿ ಅಫ್ಘಾನಿಸ್ತಾನ ಸುತ್ತಿ ಅಲ್ಲಿನ ಗಾಂಜಾ ಗಿಡಗಳನ್ನು ಅಧ್ಯಯನ ಮಾಡಿದ್ದರು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವರ ಹೆಸರಿನ ಸಂಸ್ಥೆಯಲ್ಲಿ, ಮುಖ್ಯವಾಗಿ ನಾರಿನ ಬಗೆಯ, ನೂರಾರು ಮಾದರಿಗಳಿವೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅಲ್ಲಿ ಹಣಕ್ಕೆ ತತ್ವಾರವಾಯಿತು. ಬೀಜ ಸಾಯುವ ಮೊದಲು ಮತ್ತೆ ಬಿತ್ತಿ ಹೊಸ ಬೀಜ ಪಡೆಯದಿದ್ದರೆ ಸಂಗ್ರಹ ಬರೀ ಹೊಟ್ಟಾಗುತ್ತದೆ. 1990ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅಂತರರಾಷ್ಟ್ರೀಯ ಹೆಂಪ್ ಸಂಘ ನೆರವಿಗೆ ಬಂದುದರಿಂದ ಆ ಕೆಲಸ ಮುಂದುವರಿಯಿತು.

ಇನ್ನು ಹಿತ್ತಲಿನವರು ಮಾಡಬಹುದಾದ್ದೇನು? ಮೊದಲನೆಯದು ಕೂಡಿ ಮಾಡುವುದು. ಒಂದೇ ಮೂಲದ ಬೀಜವನ್ನು ಹತ್ತು ಹದಿನೈದು ಮನೆಯವರು ಹಂಚಿಕೊಂಡು, ಕಾನೂನು ಬಿಟ್ಟಷ್ಟೇ ಬೆಳೆದು, ಪರಾಗವನ್ನೋ ಬೀಜವನ್ನೋ ಅದು ಅನುಮತಿಸಿದಷ್ಟು ವಿನಿಮಯ ಮಾಡಿಕೊಂಡರೆ ಮೂರು ಗಿಡದ ಇಕ್ಕಟ್ಟು ಸಡಿಲವಾಗುತ್ತದೆ. ಗಂಡು ಗಿಡವನ್ನು ಬೇರೆ ಕೋಣೆಯಲ್ಲಿಟ್ಟು, ಉದುರಿದ ಪರಾಗವನ್ನು ಕಾಗದದಲ್ಲಿ ಹಿಡಿದು, ಕುಂಚದಿಂದ ಹೆಣ್ಣು ಗಿಡದ ಒಂದೇ ಕೊಂಬೆಗೆ ಸವರಿದರೂ ಬೀಜ ಸಿಗುತ್ತದೆ. ಪ್ರತಿ ತಾಯಿಗಿಡದಿಂದ ಸಮನಾಗಿ ಬೀಜ ತೆಗೆಯಬೇಕು. ಕಷ್ಟದ್ದು ಇದೇ. ಬೆಳೆಗಾರನ ಕೈ ಚೆಂದದ ಗಿಡದತ್ತಲೇ ಹೋಗುತ್ತದೆ. ಸಣಕಲು ಗಿಡ, ತಡವಾಗಿ ಹೂಬಿಡುವ ಗಿಡ ಬೇಡವಾಗುತ್ತವೆ. ಆಯ್ಕೆ ತಳಿ ಅಭಿವೃದ್ಧಿಗೆ ಒಳ್ಳೆಯದು, ಸಂರಕ್ಷಣೆಗೆ ಅಲ್ಲ.

ಸೂರ್ಯನೂ ಆಯ್ಕೆ ಮಾಡುತ್ತಾನೆ. ಹಗಲು ಕಿರಿದಾದಾಗ ಹೂಬಿಡುವ ಗಿಡ ಇದು. ಕೇರಳದ ಬೆಟ್ಟದ ತಳಿ ಜರ್ಮನಿಯ ಬಯಲಲ್ಲಿ ಹೂಬಿಟ್ಟು ಬೀಜ ಬಲಿಯುವಷ್ಟರಲ್ಲಿ ಹಿಮ ಸುರಿಯುತ್ತದೆ. ಬದುಕಿ ಬೀಜ ಕೊಡುವುದು ಅವಸರದ ಕೆಲವು ಗಿಡಗಳು ಮಾತ್ರ. ಹತ್ತು ವರ್ಷದಲ್ಲಿ ಅದು ಕೇರಳದ್ದೇ ಎನ್ನುವಂತಿಲ್ಲ. ಆದ್ದರಿಂದ ಪದೇ ಪದೇ ಬಿತ್ತುವುದಕ್ಕಿಂತ ಬೀಜವನ್ನೇ ದೀರ್ಘಕಾಲ ಜೀವಂತವಾಗಿಡುವುದು ಲೇಸು. ಬೀಜದ ತೇವಾಂಶ ಶೇ 1 ಇಳಿದರೆ, ಅಥವಾ ಉಷ್ಣತೆ ಐದಾರು ಡಿಗ್ರಿ ಇಳಿದರೆ, ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಬೀಜಶಾಸ್ತ್ರದ ಹಳೆಯ ಸೂತ್ರ. ಕರಾವಳಿಯವರು ಹುಲ್ಲಿನ ಮುಡಿ ಕಟ್ಟಿ ಬೀಜದ ಭತ್ತ ಇಡುತ್ತಿದ್ದುದು, ನಮ್ಮ ಅಜ್ಜಿಯರು ಕಾಳಿಗೆ ಬೂದಿ ಬೆರೆಸುತ್ತಿದ್ದುದು ತೇವ, ಹುಳುಗಳ ವಿರುದ್ಧವೇ. ಈಗಿನವರು ತೇವ ಹೀರುವ ಸಿಲಿಕಾ ಹರಳು ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ತಂಪುಪೆಟ್ಟಿಗೆಯಲ್ಲಿಡುತ್ತಾರೆ. ಬೀಜ ಬಂದ ಊರು, ವರ್ಷ, ಎಷ್ಟು ಗಿಡಗಳಿಂದ ತೆಗೆದದ್ದು ಎಂಬ ಚೀಟಿಯೂ ಒಳಗಿರಬೇಕು.

ಆದರೂ ತಳಿ ತಳಿಯಾಗಿ ಉಳಿಯುವುದು ತವರಿನ ಹೊಲದಲ್ಲೇ. ಅಲ್ಲಿ ಹೊಸ ಕಾನೂನುಗಳು ಎರಡು ಬಗೆಯಾಗಿ ಕೆಲಸ ಮಾಡುತ್ತಿವೆ. ಉತ್ತರಾಖಂಡ 2018ರಿಂದ ನಾರಿಗಾಗಿ ಬೆಳೆಯಲು ಪರವಾನಗಿ ಕೊಡತೊಡಗಿತು. ಆದರೆ ಗಿಡದಲ್ಲಿ ಅಮಲಿನ ಅಂಶ ಶೇ 0.3 ಮೀರಬಾರದೆಂಬ ಷರತ್ತು ಹಾಕಿತು. ಬೀಜವನ್ನು ಚಟ್ನಿಗೆ, ನಾರನ್ನು ಹಗ್ಗಕ್ಕೆ ಬಳಸುತ್ತ ಬಂದ ಕುಮಾವೂಂ ಬೆಟ್ಟದ ಗಿಡ ಆ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಹೊರಗಿನ ಬೀಜ ಬಂದರೆ ಅದರ ಪರಾಗವೂ ಬರುತ್ತದೆ. ಮೊರಾಕ್ಕೊ 2021ರಲ್ಲಿ ಔಷಧ ಮತ್ತು ಕೈಗಾರಿಕೆಗಾಗಿ ಸಾಗುವಳಿಯನ್ನು ಕಾನೂನುಬದ್ಧಗೊಳಿಸಿತು. ಮೊದಲು ಬಿತ್ತಿಸಿದ್ದು ಆಮದು ಬೀಜ. 2024ರಲ್ಲಿ ರಿಫ್ ರೈತರಿಗೆ ತಮ್ಮ ಬೆಲ್ದಿಯಾವನ್ನು ಪರವಾನಗಿ ಪಡೆದು ಬಿತ್ತಲು ಅವಕಾಶವಾಯಿತು.